ಪಿಂಗಾಣಿ ಹಲ್ಲಿನ ಪಥ್ಯ

ಕೊರಿಯಾದ ದೇಗು ಪೇಟೆಯ ಹಲ್ಲಿನ ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಸಲಹೆ ಕೊಡುವ ಪ್ಯೋ ಸನ್-ರೆಗೆ ಊರಿನ ಹೆಂಗಸರೆಲ್ಲ ಅಮ್ಮಂದಿರು, ಗಂಡಸರೆಲ್ಲ ಅಪ್ಪಂದಿರು. ಮದುವೆಗೆ ಹೋದರೂ ಅವಳು ವಧುವನ್ನು ಬಿಟ್ಟು ನಗುವವರ ದವಡೆ ಹಲ್ಲುಗಳನ್ನೇ ನೋಡುತ್ತಾಳೆ. "ಅಮ್ಮಾ, ಚಿನ್ನ ತುಂಬಿಸೋ ಕಾಲ ಹೋಯ್ತು. ಬರೀ ಗುಂಡಿ ಬಿದ್ದಿದ್ರೆ ಒಳಗೆ ಕೂರಿಸೋ ಪಿಂಗಾಣಿ ಇನ್‌ಲೇ, ಹಲ್ಲಿನ ಚಾವಣಿನೇ ಹಾರಿದ್ರೆ ಮೇಲೆ ಹೊದಿಸೋ ಪಿಂಗಾಣಿ ಆನ್‌ಲೇ. ಬಾಯಿ ಬಿಟ್ಟು ನಕ್ರೂ ನಿಮ್ಮ ಸೊಸೆಗೆ ಗೊತ್ತಾಗಲ್ಲ!" ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾಳೆ. ಹಲ್ಲು ಕೂತ ಮೇಲೆ ಪಥ್ಯ ಹೇಳುತ್ತ ಬೆನ್ನು ಹತ್ತುತ್ತಾಳೆ: ಒಣಮೀನು ಜಗಿಯಬೇಡಿ, ಐಸು ಕಡಿಯಬೇಡಿ, ಗಂಡನ ಮೇಲೆ ಸಿಟ್ಟು ಬಂದರೂ ಹಲ್ಲು ಮಸೆಯಬೇಡಿ. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೂ "ಹುರಿಗಡಲೆ ಬೇಡ!" ಎಂಬ ಕೂಗು ಎರಡು ಮಹಡಿ ಕೆಳಗಿನವರೆಗೆ ಕೇಳಿಸುತ್ತದೆ. ಮೊನ್ನೆ ಆನ್‌ಲೇ ಹಾಕಿಸಿಕೊಂಡ ಮುದುಕ ತಾಕ್ ಮಾತ್ರ ಪಥ್ಯವನ್ನೆಲ್ಲ ಕೇಳಿಯೂ ಕುರ್ಚಿ ಬಿಟ್ಟು ಏಳಲಿಲ್ಲ. "ನನ್ನಾಕೆ ಸಾಯೋ ಮುಂಚೆ ಹಾಕಿಟ್ಟ ಮೂಲಂಗಿ ಕಿಮ್ಚಿ ಉಪ್ಪಿನಕಾಯಿ ಒಂದು ಡಬ್ಬಿ ಉಳಿದಿದೆ ಮೇಡಂ. ದಿನಾ ಹುಳಿ ಏರ್ತಾ ಇದೆ. ಅದನ್ನ ತಿನ್ನೋಕೇ ಈ ಹಲ್ಲು ಮಾಡಿಸ್ದೆ. ಗಟ್ಟಿ ಅಂತ ಅದೂ ಬೇಡ್ವಾ?" "ಇವತ್ತೇ ತಿನ್ನಿ ಅಪ್ಪಾ," ಎಂದಳು ಸನ್-ರೆ. "ಆ ಹಲ್ಲಲ್ಲೇ ಕಚ್ಚಿ ತಿನ್ನಿ. ಒಡೆದ್ರೆ ಇನ್ನೊಂದು ಕೂರಿಸೋಣ."