ಪ್ಲಗ್ ಕಿತ್ತ ಮೇಲೂ ಬಂದ ಉತ್ತರ

ಮಂಡಿ ಮೊಹಲ್ಲಾದ ಲಗ್ನಪತ್ರಿಕೆ ಅಂಗಡಿಯಲ್ಲಿ ಪ್ರಿಂಟರ್ ಕೆಲಸ ನಿಲ್ಲಿಸಿದೆಯೆಂದು ನನ್ನನ್ನು ಕರೆಸಿದ್ದರು. ಪತ್ರಿಕೆಗಾಗಿ ಕಾದು ಕೂತಿದ್ದ ಮದುಮಗಳ ತಂದೆ, ಊರಿನ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆಂದು ಎಲ್ಲರಿಗೂ ಹೇಳುತ್ತಿದ್ದರು. ನಾನು ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಪಿಂಗ್ ಎಂದು ಟೈಪಿಸಿ ಪ್ರಿಂಟರಿನ ಐಪಿ ವಿಳಾಸ ಕೊಟ್ಟೆ. ಹಾಗೆ ಕರೆದರೆ ಸಂಪರ್ಕದಲ್ಲಿರುವ ಯಂತ್ರ ಉತ್ತರಿಸುತ್ತದೆ. ಉತ್ತರ ಬಂತು, ಪತ್ರಿಕೆ ಬರಲಿಲ್ಲ. ಪ್ರಿಂಟರಿನ ಪ್ಲಗ್ಗನ್ನೇ ಕಿತ್ತೆ. ಆಗಲೂ ಉತ್ತರ ಬಂತು.

"ವೈರ್ ಕಿತ್ರೂ ಉತ್ತರ ಕೊಡ್ತಿದೆಯಲ್ರೀ! ಇದು ಕಂಪ್ಯೂಟರ್ರೋ, ಮಾಟನೋ?" ಎಂದರು ಹೆಣ್ಣಿನ ತಂದೆ.

ನನಗೂ ಖಚಿತವಿರಲಿಲ್ಲ. ಅಂಗಡಿಯವರು ತಲೆ ಕೆರೆದುಕೊಂಡರು. "ಸಾರ್, ಪಕ್ಕದ್ಮನೆ ಅಜ್ಜಿ ಹೊಸ ಟಿವಿಗೆ ನಮ್ಮ ವೈಫೈ ಪಾಸ್‌ವರ್ಡ್ ಕೊಟ್ಬುಟ್ಟಿದೀನಿ."

ಪ್ರಿಂಟರಿನ ಐಪಿ ವಿಳಾಸವನ್ನೇ ಟಿವಿಯೂ ಹಿಡಿದು ಕೂತಿತ್ತು, ಉತ್ತರ ಕೊಡುತ್ತಿದ್ದುದು ಅದೇ. ಅವರು ಓಡಿಹೋಗಿ ಅದನ್ನು ಆಫ್ ಮಾಡಿಸಿದರು. ಪ್ಲಗ್ ಹಾಕಿದೆ, ಮೊದಲ ಪತ್ರಿಕೆ ಹೊರಬಂತು. ಅದರ ಬೆನ್ನಿಗೇ ಅಜ್ಜಿಯೂ ಬಂದರು.

"ಯಾರ ಮದುವೆಗಪ್ಪಾ ನನ್ನ ಧಾರಾವಾಹಿ ನಿಲ್ಸಿದ್ದು?"

ಹೆಣ್ಣಿನ ತಂದೆ ಎದ್ದು ನಿಂತು, ಇನ್ನೂ ಬೆಚ್ಚಗಿದ್ದ ಪತ್ರಿಕೆಯನ್ನು ಎರಡೂ ಕೈಯಿಂದ ಅಜ್ಜಿಗೆ ಕೊಟ್ಟರು. ಮೊದಲ ಪತ್ರಿಕೆ ಮನೆದೇವರಿಗೆ ಸಲ್ಲಬೇಕೆಂಬುದು ನಮ್ಮಲ್ಲಿಯ ಪದ್ಧತಿ. ಆದರೆ ಇನ್ನೂ ಮುನ್ನೂರು ಪತ್ರಿಕೆ ಅಚ್ಚಾಗಬೇಕಿತ್ತು, ಟಿವಿಯ ರಿಮೋಟು ದೇವರ ಕೈಯಲ್ಲಿರಲಿಲ್ಲ.