ರಂಗೋಲಿಯ ಮೇಲೆ ಬಿಚ್ಚಿಟ್ಟ ಎಂಜಿನ್

ಬೆಳಿಗ್ಗೆಯಿಂದ ಮನೆಯೆಲ್ಲ ಸೀಮೆಎಣ್ಣೆಯ ವಾಸನೆ. ರಜೆಗೆಂದು ಹಾಸನಕ್ಕೆ ಬಂದಿರುವ ಮೊಮ್ಮಗಳು ಸುಮ್ಮನೆ ಕೂರಲಾರದೆ, ಮೂಲೆ ಸೇರಿದ್ದ ಹಳೆಯ ಸೈಕಲ್ಲಿನ ಚೈನು ಬಿಚ್ಚಿ ತೊಳೆಯುತ್ತಿದ್ದಾಳೆ. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ನಾನು ಮಾತ್ರ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ. ಮಲ್ಲಿಗೆಯ ವಾಸನೆಗೆ ಮನಸೋಲುವವರುಂಟು, ಕಾಫಿಪುಡಿ ಹುರಿಯುವ ವಾಸನೆಗೆ ದಾರಿ ತಪ್ಪುವವರೂ ಉಂಟು. ನನ್ನ ಹಣೆಬರಹ ನೋಡಿ, ಸೀಮೆಎಣ್ಣೆಯ ವಾಸನೆ ಬಂದರೆ ನನಗೆ ತವರು ನೆನಪಾಗುತ್ತದೆ.

ತವರೆಂದರೆ ಅಪ್ಪ ಅವ್ವನ ಮನೆಯಲ್ಲ. ಹೊಳೆನರಸೀಪುರದ ಪೇಟೆಯಲ್ಲಿ ರುದ್ರಮ್ಮನವರ ಅಂಗಡಿಯ ಹಿಂದಿದ್ದ ಕೊಬ್ಬರಿ ಉಗ್ರಾಣ. ಎರಡನೆಯ ಮಹಾಯುದ್ಧದ ಕಾಲ. ಬುಧವಾರ ಮಧ್ಯಾಹ್ನ, ಗಂಡಸರು ಉಂಡು ಅಡ್ಡಾದ ಹೊತ್ತಿಗೆ, ಅಲ್ಲಿ ನಮ್ಮ ಸಂಘ ಸೇರುತ್ತಿತ್ತು. ಹೆಸರೇನೋ ಘನವಾದದ್ದೇ: ಸ್ತ್ರೀ ಯಂತ್ರವಿದ್ಯಾ ಸಂಘ. ಊರಿನವರು ಅಷ್ಟುದ್ದ ಹೇಳುವ ಗೋಜಿಗೆ ಹೋಗದೆ ‘ಸ್ಪ್ಯಾನರ್ ಸಂಘ’ ಅಂದರು. ಹೊಲಿಗೆ ಯಂತ್ರ, ಪಂಪ್ ಸ್ಟವ್, ಪೆಟ್ರೊಮ್ಯಾಕ್ಸ್, ನಿಂತುಹೋದ ಗೋಡೆ ಗಡಿಯಾರ, ಒಮ್ಮೆ ಯಾರದೋ ಹಾರ್ಮೋನಿಯಂ, ಹೀಗೆ ಹೆಂಗಸರ ಕೈಗೆ ಸಿಕ್ಕಿದ್ದೆಲ್ಲ ಅಲ್ಲಿ ಬಿಚ್ಚಿಸಿಕೊಳ್ಳುತ್ತಿತ್ತು. ಹಾರ್ಮೋನಿಯಂ ಆಮೇಲೆ ಹಾಡಲಿಲ್ಲ ಅನ್ನುವುದನ್ನೂ ಹೇಳಿಬಿಡುವುದು ಒಳ್ಳೆಯದು.

ಸಂಘವನ್ನು ಎಳೆಯುತ್ತಿದ್ದವರು ಇಬ್ಬರು. ರುದ್ರಮ್ಮ ಚನ್ನರಾಯಪಟ್ಟಣದ ವ್ಯಾಪಾರಸ್ಥರ ಮನೆಯ ಮಗಳು. ಅವರ ತಂದೆಯ ಹಿಟ್ಟಿನ ಗಿರಣಿಗೆ ಎಣ್ಣೆ ಎಂಜಿನ್ ಇತ್ತು; ಚಿಕ್ಕವರಿದ್ದಾಗ ಅದರ ಪಕ್ಕದಲ್ಲೇ ಆಡಿ ಬೆಳೆದವರು. ಹಣೆ ತುಂಬ ವಿಭೂತಿ, ಸೆರಗಿನ ಗಂಟಿನಲ್ಲಿ ಬೀಗದ ಕೈಯ ಜೊತೆಗೊಂದು ಸ್ಕ್ರೂಡ್ರೈವರ್. ನಂಜಮ್ಮ ಕೊಣನೂರು ಕಡೆಯ ಒಕ್ಕಲು ಮನೆತನದವರು, ನಾಲೆ ಇಲಾಖೆಯ ಓವರ್ಸಿಯರ್ ಒಬ್ಬರ ಹೆಂಡತಿ. ಗಂಡನ ಜೊತೆ ಕ್ಯಾಂಪಿನಲ್ಲಿದ್ದಾಗ ಅವರ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದರು. ಸಂಬಳವಿಲ್ಲ, ಸನ್ಮಾನವಿಲ್ಲ. ಬೇರೆ ಯಾರೂ ಮುಂದೆ ಬರದ ಕಾರಣ ವರ್ಷಕ್ಕೊಮ್ಮೆ ಇಬ್ಬರೂ ಅಧ್ಯಕ್ಷೆಯ ಪಟ್ಟವನ್ನೂ ಕಾರ್ಯದರ್ಶಿಯ ಪಟ್ಟವನ್ನೂ ಅದಲು ಬದಲು ಮಾಡಿಕೊಳ್ಳುತ್ತಿದ್ದರು. ನಾವು ಕೈ ಎತ್ತಿ ಒಪ್ಪಿಗೆ ಸೂಚಿಸಿ ಮಂಡಕ್ಕಿ ತಿನ್ನುತ್ತಿದ್ದೆವು.

ಸಂಘದಲ್ಲಿ ಎರಡು ಕಟ್ಟುನಿಟ್ಟಿನ ಕಾನೂನು. ಬಿಚ್ಚಿದವಳು ಕೂಡಿಸುವಂತಿಲ್ಲ, ಇನ್ನೊಬ್ಬಳು ಕೂಡಿಸಬೇಕು. ಇಲ್ಲದಿದ್ದರೆ ಕಲಿಯುವವಳು ಒಬ್ಬಳೇ ಆಗಿಬಿಡುತ್ತಾಳೆ. ಇದು ರುದ್ರಮ್ಮನವರ ಕಾನೂನು. ಎರಡನೆಯದು ನಂಜಮ್ಮನವರದು. ಬಿಚ್ಚುವ ಮೊದಲು ನೆಲ ಸಾರಿಸಿ ಯಂತ್ರದ ಚಿತ್ರವನ್ನು ರಂಗೋಲಿಯಲ್ಲಿ ಬಿಡಿಸಬೇಕು, ಕಳಚಿದ ಒಂದೊಂದು ತುಂಡನ್ನೂ ಆ ಚಿತ್ರದಲ್ಲಿ ಅದರದರ ಜಾಗದಲ್ಲೇ ಇಡಬೇಕು. “ಎಂಗಸ್ರಿಗೆ ನಕ್ಷೆ ಓದಕ್ಕೆ ಬರಾಕಿಲ್ಲ ಅಂತಾರೆ ನಮ್ಮನೆಯೋರು. ದಿನಾ ಬೆಳಗೆದ್ದು ಬಾಗ್ಲಲ್ಲಿ ನಾವು ಬರೆಯೋದು ಇನ್ನೇನಂತೆ?” ಎನ್ನುತ್ತಿದ್ದರು. ಹೊಲಿಗೆ ಯಂತ್ರವೊಂದು ಸಾರಿಸಿದ ನೆಲದ ಮೇಲೆ ಚಕ್ರ, ಸೂಜಿ, ತಿರುಪುಗಳಾಗಿ ಹರಡಿಕೊಂಡು ಕೂತಿದ್ದನ್ನು ನೀವು ನೋಡಬೇಕಿತ್ತು. ಅರಿಶಿನ ಕುಂಕುಮ ಇಟ್ಟು ಆರತಿ ಎತ್ತುವುದೊಂದು ಬಾಕಿ.

ನನ್ನ ಕಥೆಗೆ ಬರುತ್ತೇನೆ. ನಾನು ಹೈಸ್ಕೂಲು ಮುಗಿಸಿದ್ದೆ. ಮೈಸೂರಿಗೆ ಹೋಗಿ ಇಂಟರ್‌ಮೀಡಿಯೆಟ್, ಅಲ್ಲಿಂದ ಬೆಂಗಳೂರಿಗೆ ಹೋಗಿ ಎಂಜಿನಿಯರಿಂಗ್ ಎಂದು ಉಗ್ರಾಣದಲ್ಲಿ ಕೂತು ಕನಸು ಕಾಣುತ್ತಿದ್ದೆ. ಮನೆಯಲ್ಲಿ ಅಪ್ಪ ಅರಕಲಗೂಡಿನ ಕಡೆಯ ಒಂದು ಸಂಬಂಧಕ್ಕೆ ಹೂಂ ಅನ್ನುವುದರಲ್ಲಿದ್ದರು. ರುದ್ರಮ್ಮ, ನಂಜಮ್ಮ ಬಾಳೆಹಣ್ಣು ಹಿಡಿದುಕೊಂಡು ಮಾತಾಡಲು ಬಂದರು. ಅಪ್ಪ ಮರ್ಯಾದಸ್ಥರು, ಹಾಲು ಕೊಡಿಸಿದರು, ಎಲೆ ಅಡಿಕೆ ಕೊಡಿಸಿದರು. ಒಪ್ಪಿಗೆ ಕೊಡಲಿಲ್ಲ. “ನೀವು ಮನೆಯೊಳ್ಗೆ ಸ್ಟವ್ವು ರಿಪೇರಿ ಮಾಡೋದು ಬ್ಯಾರೆ ಕಣ್ರವ್ವ. ಎಣ್ಮಗ ಗಂಡಸ್ರ ನಡುವೆ ನಿಂತ್ಕಂಡು ಕೆಲ್ಸ ಮಾಡಾಕಾಯ್ತದಾ?” ಅಂದರು. ಗೋಡೆಯ ಹಿಂದೆ ನಿಂತಿದ್ದ ನಾನು ಹಿತ್ತಲಿಗೆ ಓಡಿದೆ. ಮದುವೆ ಬೇಡವೆಂದಲ್ಲ, ಆ ಉಗ್ರಾಣದಲ್ಲಿ ಶುರುವಾದದ್ದು ಅಲ್ಲೇ ಮುಗಿದುಹೋಗುತ್ತದಲ್ಲ ಎಂದು.

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ. ದೇವರು ಕಣ್ಣು ಬಿಡುವ ರೀತಿ ಒಮ್ಮೊಮ್ಮೆ ವಿಚಿತ್ರ: ಹೇಮಾವತಿಯ ದಂಡೆಯಲ್ಲಿದ್ದ ನಮ್ಮ ನೀರೆತ್ತುವ ಎಂಜಿನ್ ಕೆಟ್ಟು ನಿಂತಿತು. ಕಬ್ಬಿಗೆ ನೀರಿಲ್ಲ. ಹಾಸನದ ಎಂಜಿನ್ ಮೇಸ್ತ್ರಿ ಸೈನ್ಯ ಸೇರಿ ಯಾವ ದೇಶದಲ್ಲಿದ್ದನೋ! ಕೊನೆಗೆ ಅಪ್ಪ ಬೇರೆ ದಾರಿ ಕಾಣದೆ, ಅವ್ವನ ಕಡೆ ನೋಡದೆಯೇ, “ಆ ಸ್ಪ್ಯಾನರ್ ಸಂಘದೋರ್ನ ಒಸಿ ಬರೋಕೆ ಏಳು” ಅಂದರು.

ಇಬ್ಬರೂ ಬಂದರು. ನಂಜಮ್ಮ ಹೊಳೆದಂಡೆಯ ಮಣ್ಣು ತಟ್ಟಿ, ಸಾರಿಸಿ, ಎಂಜಿನ್ನಿನ ದೊಡ್ಡ ರಂಗೋಲಿ ಬಿಡಿಸಿದರು. ಸುತ್ತ ನೆರೆದ ಗಂಡಸರು ಮುಸಿಮುಸಿ ನಕ್ಕರು. ರುದ್ರಮ್ಮ ಸೆರಗು ಸಿಕ್ಕಿಸಿಕೊಂಡು ಬಿಚ್ಚಲು ಕೂತರು. ಎಲ್ಲ ಕಳಚಿ, ಸೀಮೆಎಣ್ಣೆಯಲ್ಲಿ ತೊಳೆದು, ಜಾಗ ಜಾಗದಲ್ಲಿ ಇಟ್ಟು ಎದ್ದು ನಿಂತವರು ನನ್ನ ಕಡೆ ತಿರುಗಿ, “ಬಾರವ್ವ, ಕೂಡ್ಸು” ಅಂದರು.

ಅಪ್ಪನಿಗೆ ಗಾಬರಿ. “ನೀವೇ ಕೂಡ್ಸಿ ರುದ್ರಮ್ಮನೋರೆ. ಇದು ಮಕ್ಳಾಟ ಅಲ್ಲ.”

“ಬಿಚ್ಚಿದೋಳು ನಾನು. ನಾನು ಕೂಡ್ಸೋ ಅಂಗಿಲ್ಲ. ಸಂಘದ ಕಾನೂನು” ಎಂದರು ರುದ್ರಮ್ಮ, ಹೈಕೋರ್ಟಿನ ಜಡ್ಜ್ ಥರ.

ಕೂಡಿಸಿದೆ. ಯಾವುದರ ಪಕ್ಕ ಯಾವುದು ಎಂದು ರಂಗೋಲಿಯೇ ಹೇಳುತ್ತಿತ್ತು. ಆಳುಗಳಿಬ್ಬರು ದೊಡ್ಡ ಚಕ್ರ ತಿರುಗಿಸಿದರು. ಎಂಜಿನ್ ಒಮ್ಮೆ ಕೆಮ್ಮಿತು, ಬಿಳಿ ಹೊಗೆ ಬಿಟ್ಟಿತು, ನಿಂತಿತು. ಮತ್ತೆ ತಿರುಗಿಸಿದರೆ ಕೆಮ್ಮೂ ಇಲ್ಲ.

“ಎಣ್ಮಗ ಕೈಯಿಕ್ಕಿದ್ಮೇಕೆ ಇನ್ನೇನಾದಾತು?” ದೊಡ್ಡಪ್ಪ ಎಲ್ಲರಿಗೂ ಕೇಳುವ ಹಾಗೆ ಅಂದರು. “ಇದ್ದ ಎಂಜಿನ್ನೂ ಓಯ್ತು. ಸುಮ್ನೆ ಆ ಅರಕಲಗೂಡಿನೋರ್ಗೆ ಮಾತು ಕೊಟ್ಬುಡ್ಲಾ ತಮ್ಮ.”

ನಾನು ಎಲ್ಲಿ ತಪ್ಪಿದೆ, ಯಾವ ತಿರುಪು ಮರೆತೆ ಎಂದು ಹುಡುಕುತ್ತಿದ್ದೆ, ಒಂದೂ ಹೊಳೆಯಲಿಲ್ಲ.

ನಂಜಮ್ಮ ಮಾತ್ರ ಮುಂದೆ ಬಂದು, ಎಣ್ಣೆ ಚಿಮ್ಮುವ ಸಣ್ಣ ತೂತಿನ ಭಾಗವೊಂದನ್ನೇ ಕಳಚಿ ಬಿಸಿಲಿಗೆ ಹಿಡಿದು ನೋಡಿದರು. ಅದನ್ನು ಸೆರಗಿನಲ್ಲಿ ಒರೆಸಿ, ಮಾತಿಲ್ಲದೆ ವಾಪಸು ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ‘ಹಳೇ ಎಂಜಿನ್, ಏನು ಮಾಡಕ್ಕಾಯ್ತದೆ’ ಅಂದಿದ್ದರೂ ನಡೆಯುತ್ತಿತ್ತು. ಸಂಘದ ಮಾನ ಉಳಿಯುತ್ತಿತ್ತು. ಅವರು ಅದನ್ನು ಅಂಗೈಗೆ ತಟ್ಟಿ, ಆ ಅಂಗೈಯನ್ನು ಅಪ್ಪನ ಮುಂದೆ ಚಾಚಿದರು.

“ನೋಡಣ್ಣ. ರಂಗೋಲಿ ಪುಡಿ. ಹೊಳೆ ಗಾಳೀಗೆ ತೂರ್ಕಂಡು ಬಂದು ಎಣ್ಣೆ ಜಿಡ್ಡಿಗೆ ಅಂಟ್ಕಂಡದೆ. ರಂಗೋಲಿ ಬರೆದೋಳು ನಾನು, ತಪ್ಪು ನಂದು. ಉಡುಗಿ ಕೂಡ್ಸಿರೋದ್ರಲ್ಲಿ ಒಂದೇ ಒಂದು ತಪ್ಪಿಲ್ಲ.”

ಗಂಡಸರು ಗೊಳ್ಳೆಂದು ನಕ್ಕರು. ಎಂಜಿನ್ನಿಗೆ ರಂಗೋಲಿ ಬರೆದು ಕೆಡಿಸಿದ ಹೆಂಗಸರು! ಈ ಮಾತು ಸಂತೆಯಿಂದ ಸಂತೆಗೆ ಹೋಗುವುದು ಗ್ಯಾರಂಟಿ ಎಂದು ನಂಜಮ್ಮನವರಿಗೆ ಗೊತ್ತಿರಲಿಲ್ಲವೇ? ಮುಖ ಕೆಂಪಾಗಿತ್ತು, ಚಾಚಿದ ಕೈ ಹಾಗೇ ಇತ್ತು. ರುದ್ರಮ್ಮ ಪಕ್ಕಕ್ಕೆ ಬಂದು ನಿಂತು, “ಅವಳೊಬ್ಬಳದೇ ಅಲ್ಲ, ನಂದೂ ತಪ್ಪು. ಈ ವರ್ಷದ ಅಧ್ಯಕ್ಷೆ ನಾನು” ಅಂದರು.

ಅಪ್ಪ ಆ ಅಂಗೈಯನ್ನೇ ನೋಡುತ್ತಿದ್ದರು. “ತೊಳುದ್ರೆ ಓಡ್ತದಾ?”

“ಓಡ್ಬೇಕು.”

“ಓಡ್ದಿದ್ರೆ?”

“ಇನ್ನೊಂದ್ಸಲ ಬಿಚ್ತೀವಿ.”

ಅಪ್ಪನ ಮೀಸೆಯ ಕೆಳಗೆ ನಗು ಕಾಣಿಸಿತು. “ನನ್ನ ಎಂಜಿನ್ ಕೆಡಿಸ್ದ ಮೇಸ್ತ್ರಿಗಳೆಲ್ಲ ತಪ್ಪು ಎಂಜಿನ್ದೇ ಅಂದವ್ರೆ. ನಂದು ಅಂದೋರ್ನ ಇವತ್ತೇ ಕಂಡಿದ್ದು ಕಣವ್ವ.” ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, “ಅರಕಲಗೂಡಿನೋರ್ಗೆ ಬ್ಯಾರೆ ಕಡೆ ನೋಡ್ಕಳಿ ಅಂತ ಏಳ್ಕಳ್ಸು ಅಣ್ಣ. ಇಂತೋರ ಕೈಯಾಗೆ ಕಲ್ತೋಳು ಎಲ್ಲೋದ್ರೂ ಬದುಕ್ತಾಳೆ” ಅಂದರು. ಎಂಜಿನ್ ಇನ್ನೂ ಓಡಿರಲಿಲ್ಲ. ಇದನ್ನು ನೀವು ಗಮನಿಸಬೇಕು. ನಾನು ಇವತ್ತಿಗೂ ಗಮನಿಸುತ್ತಿದ್ದೇನೆ.

ತೊಳೆದ ಮೇಲೆ ಅದು ಓಡಿತು. ಕಬ್ಬಿನ ಸಾಲಿಗೆ ನೀರು ಹರಿಯುವುದನ್ನು ನೋಡುತ್ತ ನಾನು ಅತ್ತೆನಂತೆ. ಅವ್ವ ಸಾಯುವ ತನಕ ಹಾಸ್ಯ ಮಾಡುತ್ತಿದ್ದಳು. ಮುಂದಿನ ಬುಧವಾರದಿಂದ ಸಂಘದಲ್ಲಿ ರಂಗೋಲಿ ನಿಂತು, ಕೆಮ್ಮಣ್ಣು ಕಲಸಿ ಬಳಿದು ಒಣಗಿಸುವ ಪದ್ಧತಿ ಬಂತು. ನಾನು ಮೈಸೂರಿಗೆ ಹೊರಟ ದಿನ ಇಬ್ಬರೂ ಇದ್ದಿಲಿನ ಬಸ್ಸಿನ ಹತ್ತಿರ ಬಂದಿದ್ದರು. ಡ್ರೈವರು ಪೆಟ್ರೋಲಿನ ಬದಲಿಗೆ ಇದ್ದಿಲು ಉರಿಸಿ ಗ್ಯಾಸು ಮಾಡುವುದನ್ನು ರುದ್ರಮ್ಮ ನೋಡುತ್ತ ನಿಂತುಬಿಟ್ಟರು. ನಂಜಮ್ಮ ಕಿಟಕಿಯ ಹತ್ತಿರ ಬಂದು, “ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ನಾಚ್ಕಬ್ಯಾಡ” ಅಂದರು. ಬೆಂಗಳೂರಿನ ತರಗತಿಯಲ್ಲೂ ಮುಂದೆ ಎಂಜಿನಿಯರಾಗಿ ಗೊರೂರಿನ ಅಣೆಕಟ್ಟಿನ ಕ್ವಾರ್ಟರ್ಸಿನಲ್ಲೂ ನನ್ನನ್ನು ಕಾಪಾಡಿದ್ದು ಆ ಮಾತೇ. ಬಸ್ಸು ಹೊರಟಾಗ ಇಬ್ಬರೂ ತುಂಬ ಹೊತ್ತು ಕೈ ಬೀಸುತ್ತಿದ್ದರು. ಹಿರಿಯರು ಮಕ್ಕಳನ್ನು ಕಳಿಸಿಕೊಡುವ ಹಾಗೆ ಕಳಿಸಿಕೊಟ್ಟರು ಎಂದೇ ಇಷ್ಟು ಕಾಲ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಹಿರಿಯರು! ಈಗ ಮೊಮ್ಮಗಳು ಮಸಿ ಮೆತ್ತಿದ ಕೈಯಿಂದ ಕೂದಲು ಹಿಂದಕ್ಕೆ ತಳ್ಳಿದಳು. ಇವಳಿಗೆ ಮೊನ್ನೆ ಇಪ್ಪತ್ತೆಂಟು ತುಂಬಿತು. ಸುಮ್ಮನೆ ಲೆಕ್ಕ ಹಾಕಿದೆ. ನಂಜಮ್ಮನವರಿಗೆ ಆಗ ಇಷ್ಟು ವಯಸ್ಸೂ ಆಗಿರಲಿಲ್ಲ. ರುದ್ರಮ್ಮ ಒಂದೆರಡು ವರ್ಷ ದೊಡ್ಡವರಿದ್ದಾರು, ಅಷ್ಟೆ. ಮಡಿಲಲ್ಲಿ ಮಕ್ಕಳು, ತಲೆಯ ಮೇಲೆ ಸೆರಗು ಇದ್ದದ್ದರಿಂದ ನನ್ನ ಕಣ್ಣಿಗೆ ಮುದುಕಿಯರಾಗಿ ಕಂಡಿದ್ದರು. ಆ ಬಸ್ಸು ಹತ್ತುವ ಆಸೆ ಅವರಿಗೂ ಇದ್ದಿರಬೇಕು. ಅವರಿಗಾಗಿ ಹೊಳೆದಂಡೆಯಲ್ಲಿ ಅಂಗೈ ಚಾಚಿ ನಿಲ್ಲುವವರು ಯಾರೂ ಇರಲಿಲ್ಲ.

ನನಗರಿವಿಲ್ಲದೆ ಕೈ ಜೋಡಿಸಿದ್ದೆನೆಂದು ಕಾಣುತ್ತದೆ. ಮೊಮ್ಮಗಳು ತಲೆ ಎತ್ತಿ ಕೇಳಿದಳು:

“ಯಾರಿಗಜ್ಜಿ ಕೈ ಮುಗೀತಿದ್ದೀಯ?”

“ಇಬ್ಬರು ಹುಡುಗಿಯರಿಗೆ ಕಣೆ” ಅಂದೆ.