ಕೇಳದವರಿಗೆ ಕೊಡದ ಮದ್ದು

೨೦೦೮ರ ಆಷಾಢ, ಕೋಳಿ ಕೂಗುವ ಹೊತ್ತು. ಸರ್ಕಾರ ಸಾರಾಯಿ ನಿಲ್ಲಿಸಿ ವರ್ಷ ತುಂಬಿತ್ತು. ಕೆರೆಕಟ್ಟೆಯ ನಾಟಿವೈದ್ಯೆ ಭೈರಮ್ಮ ಕಾಮಾಲೆ ಮದ್ದಿಗೆ ನೆಲನೆಲ್ಲಿ ಅರೆದಿಟ್ಟು ಕಾದರು. ಜಗಲಿಗೆ ಯಾರೂ ಬರಲಿಲ್ಲ. ಮದ್ದು ಚೆಲ್ಲುವಾಗ ಅಷ್ಟು ಖುಷಿ ಅವರಿಗೆ ಎಂದೂ ಆಗಿರಲಿಲ್ಲವಂತೆ.

ಈಗ ಮತ್ತೊಂದು ಆಷಾಢ. ಬೆಳಕು ಹರಿಯುವ ಮೊದಲೇ ಅವರು ಗದ್ದೆಬದುವಿನಲ್ಲಿ ಸೊಪ್ಪು ಕಿತ್ತು, ಅರೆದು, ಹಸಿಹೊಟ್ಟೆಯಲ್ಲಿ ಬಂದವರಿಗೆ ಮಜ್ಜಿಗೆಯಲ್ಲಿ ಕದಡಿ ಕೊಡುತ್ತಾರೆ. ಉಪ್ಪು, ಎಣ್ಣೆ, ಕುಡಿತ ಬಿಡಬೇಕು. ಹೊಟ್ಟೆ ಊದಿದವರನ್ನು ಮಾತ್ರ ಸೀದಾ ಆಸ್ಪತ್ರೆಗೆ ಅಟ್ಟುತ್ತಾರೆ. ಅತ್ತೆ ಕಲಿಸಿದ ಕಟ್ಟು ಒಂದೇ: ಬಾಯಿಬಿಟ್ಟು ಕೇಳದವರ ಮುಂದೆ ಕಾಯಿಲೆಯ ಮಾತೆತ್ತಬಾರದು, ಎತ್ತಿದರೆ ಮದ್ದು ಹತ್ತುವುದಿಲ್ಲ.

"ಮೊದ್ಲು ಈ ಜಗಲಿ ಸಂತೆ ಇದ್ದಂಗೆ ಇರ್ತಿತ್ತು. ಸಾರಾಯಿ ಹೋದ್ಮೇಲೆ ಎಷ್ಟೋ ಗಂಡಸರ ಮುಖಕ್ಕೆ ರಕ್ತ ಬಂತು. ಅದು ಸುಳ್ಳಲ್ಲ," ಎನ್ನುತ್ತಾರೆ. ಆಸ್ಪತ್ರೆಯ ಡಾಕ್ಟರೂ ಹಾಗೇ ಹೇಳುತ್ತಾರೆ: ಕುಡಿತಕ್ಕೆ ಕಡಿವಾಣ ಹಾಕಿದ ಹೊರದೇಶಗಳಲ್ಲೂ ಲಿವರ್ ಕಾಯಿಲೆ ಇಳಿದದ್ದುಂಟು, ಕದ್ದು ಕುಡಿಯುವವರು ಮಾತ್ರ ಕೈಮೀರಿದ ಮೇಲೆ ಬರುತ್ತಾರೆ.

ಶೇಷಪ್ಪ ಹಾಗೆ ಕದ್ದು ಕುಡಿದವನು. ಅಡಿಕೆ ಮರ ಹತ್ತಿ ಗೊನೆ ಇಳಿಸುವುದರಲ್ಲಿ ಗಟ್ಟಿಗ. ಸಾರಾಯಿ ಅಂಗಡಿ ಇದ್ದಾಗ ಹೆಂಡತಿ ವನಜ ಹೋಗಿ ರಟ್ಟೆ ಹಿಡಿದು ಎಳೆದು ತರುತ್ತಿದ್ದಳು. ಅಂಗಡಿ ಮುಚ್ಚಿದ ಮೇಲೆ ಅವನು ಕಾಡೊಳಗಿನ ಕಳ್ಳಭಟ್ಟಿಗೆ ಬಿದ್ದ. ಅಲ್ಲಿಗೆ ವನಜಳಿಗೆ ದಾರಿ ಗೊತ್ತಿರಲಿಲ್ಲ. ಊರು ಅವನು ಬಿಟ್ಟನೆಂದೇ ತಿಳಿಯಿತು. ಕಾಮಾಲೆ ಹತ್ತಿದಾಗ ಮದ್ದು ಕೇಳಲು ಹೋದರೆ ಗುಟ್ಟು ರಟ್ಟು.

ಕಳೆದ ನವರಾತ್ರಿಯಲ್ಲಿ ಅವನು ಗದ್ದೆದಾರಿಯಲ್ಲಿ ಭೈರಮ್ಮನಿಗೆ ಎದುರಾದ.

"ಎಂತ ಮಾರಾಯ, ಕಣ್ಣಿಗೆ ಅರಿಶಿನ ಹಚ್ಕೊಂಡಿದೀಯ?"

"ಎರಡನೇ ಮದುವೆ ಭೈರಕ್ಕ. ವನಜಂಗೆ ಹೇಳ್ಬೇಡ, ನಿನ್ನನ್ನೂ ಊಟಕ್ಕೆ ಕರೀತೀನಿ."

ಭೈರಮ್ಮ ನಕ್ಕುಬಿಟ್ಟರು. ಅವನು ಮದ್ದು ಕೇಳಲಿಲ್ಲ, ಇವರು ತಮಾಷೆ ದಾಟಿ ಕಾಯಿಲೆಯ ಮಾತೆತ್ತಲಿಲ್ಲ. ಕೊನೆಗೆ ವನಜ ಓಡಿಬಂದು ಕೇಳಿದ ಹೊತ್ತಿಗೆ ಅವನ ಹೊಟ್ಟೆ ಊದಿ ಬಿಗಿದಿತ್ತು. ಜೀಪು ಮಾಡಿ ಆಸ್ಪತ್ರೆಗೆ ಸಾಗಿಸಿದರು. ಡಾಕ್ಟರು ತಡವಾಯಿತೆಂದರು.

"ಮದ್ದು ಕೇಳಿದ್ಮೇಲೇ ಕೊಡೋದು, ಸರಿ. ಆಸ್ಪತ್ರೆಗೆ ಹೋಗು ಅನ್ನಕ್ಕೆ ನಂಗೆ ಯಾರ ಅಪ್ಪಣೆ ಬೇಕಿತ್ತು?" ಎಂದು ಭೈರಮ್ಮ ಕೈಯ ಹಸಿರು ತಿಕ್ಕಿಕೊಳ್ಳುತ್ತಾರೆ.

ಈಗ ಹಳದಿ ಕಣ್ಣು ಕಂಡರೆ ದಾರಿಗೆ ಅಡ್ಡ ನಿಂತು ವಿಚಾರಿಸುತ್ತಾರೆ. ಕೆಲವರು ಬೈಯುತ್ತಾರೆ.

"ಬೈಲಿ. ಬೈಯಕ್ಕಾದ್ರೂ ಇರ್ಲಿ."

ಶೇಷಪ್ಪ ಹೋದದ್ದು ದೀಪಾವಳಿ ಕಳೆದ ಮೇಲಿನ ಸೋಮವಾರ.